‘ಎರಡೂ ಹೇಳಿಕೊಡಲಿ ಬಿಡಿ’ ಅನ್ನುವವರಿಗೆ

ಕೆಲವು ತಿಂಗಳಿಂದ ಒಂದೇ ವಿಷಯದ ಪತ್ರಗಳು ಮತ್ತೆ ಮತ್ತೆ ಬರುತ್ತಿವೆ. ಅಮೆರಿಕದ ಕೋರ್ಟು, ಡಾರ್ವಿನ್, ಶಾಲೆ. ಶಾಲೆಯಲ್ಲಿ ಡಾರ್ವಿನ್ನರ ವಿಕಾಸವಾದದ ಜೊತೆಗೆ, ದೇವರೇ ಜೀವಿಗಳನ್ನು ಸೃಷ್ಟಿಸಿದ ಎಂಬುದನ್ನೂ ಹೇಳಿಕೊಡಬೇಕೇ ಎಂಬ ಜಗಳ ಅದು. ಕೆಲವರಿಗೆ ಮೂರು ನಾಲ್ಕು ಸಲ ಉತ್ತರ ಬರೆದಿದ್ದೇನೆ. ಆದರೂ ಅದೇ ವಾಟ್ಸಾಪ್ ಸಂದೇಶವನ್ನು ಮತ್ತೆ ಕಳಿಸಿ ‘ಇದಕ್ಕೇನಂತೀರಿ?’ ಎಂದು ಕೇಳುತ್ತಾರೆ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವನು, ಸಂಜೆ ಕಾಲೇಜಿನಲ್ಲಿ ಕಾನೂನನ್ನೂ ಓದಿದವನು. ಈ ಕೇಸುಗಳ ತೀರ್ಪುಗಳನ್ನು ಕೂತು ಓದಿದ್ದೇನೆ. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಉತ್ತರ ಕೊಡುತ್ತೇನೆ. ಜೀವವಿಕಾಸ ಅಂದರೇನು, ನೈಸರ್ಗಿಕ ಆಯ್ಕೆ ಅಂದರೇನು ಎಂದು ಇಲ್ಲಿ ವಿವರಿಸುವುದಿಲ್ಲ. ಪಿಯು ಪುಸ್ತಕದಲ್ಲಿ ಆ ಪಾಠ ಇದೆ, ಓದಿಕೊಂಡು ಬನ್ನಿ.

ಪ್ರಶ್ನೆ: 1925ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಡಾರ್ವಿನ್ ವಾದ ಸುಳ್ಳು ಎಂದು ಸಾಬೀತಾಯಿತಂತೆ. ಒಬ್ಬ ಭಾಷಣಕಾರರು ಹೇಳಿದರು. ಹೌದೇ ಸರ್?

ಇಲ್ಲ. ಆ ಭಾಷಣಕಾರರು ಆ ಕೇಸನ್ನು ಓದಿಯೇ ಇಲ್ಲ.

ಟೆನೆಸಿ ರಾಜ್ಯದಲ್ಲಿ 1925ರಲ್ಲಿ ಒಂದು ಕಾನೂನು ಬಂತು. ಮನುಷ್ಯ ಕೆಳಮಟ್ಟದ ಪ್ರಾಣಿಗಳಿಂದ ಬಂದವನು ಎಂದು ಸರ್ಕಾರಿ ಶಾಲೆಯಲ್ಲಿ ಹೇಳಿಕೊಡುವುದು ಅಪರಾಧ ಎಂದು ಅದು ಹೇಳಿತು. ಅದನ್ನು ಪ್ರಶ್ನಿಸುವ ಶಿಕ್ಷಕರಿಗೆ ಖರ್ಚು ಕೊಡುತ್ತೇವೆ ಎಂದು ಒಂದು ನಾಗರಿಕ ಹಕ್ಕುಗಳ ಸಂಸ್ಥೆ ಜಾಹೀರಾತು ಹಾಕಿತು. ಡೇಟನ್ ಎಂಬ ಪುಟ್ಟ ಊರಿನವರು 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್ ಅವರನ್ನು ಈ ಕೇಸಿಗೆ ಒಪ್ಪಿಸಿದರು. ತಮ್ಮ ಊರಿಗೆ ಹೆಸರು ಬರುತ್ತದೆ ಎಂಬ ಆಸೆಯೂ ಅವರಿಗಿತ್ತು. ಕೋರ್ಟಿನ ಮುಂದಿದ್ದ ಪ್ರಶ್ನೆ ಒಂದೇ: ಇವರು ಆ ಕಾನೂನು ಮುರಿದರೋ ಇಲ್ಲವೋ? ವಿಜ್ಞಾನಿಗಳ ಸಾಕ್ಷ್ಯವನ್ನು ಜ್ಯೂರಿಯ (ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಗುಂಪು) ಕಿವಿಗೆ ಬೀಳಲೂ ಬಿಡಲಿಲ್ಲ. ಕೊನೆಗೆ ಸ್ಕೋಪ್ಸ್ ಪರ ವಕೀಲ ಕ್ಲಾರೆನ್ಸ್ ಡ್ಯಾರೋ ಅವರೇ ‘ತಪ್ಪಿತಸ್ಥ ಎಂದೇ ಹೇಳಿ’ ಎಂದು ಜ್ಯೂರಿಯನ್ನು ಕೇಳಿಕೊಂಡರು. ಮೇಲಿನ ಕೋರ್ಟಿಗೆ ಹೋಗಲು ಅದೇ ದಾರಿಯಾಗಿತ್ತು. ಒಂಬತ್ತು ನಿಮಿಷದಲ್ಲಿ ತೀರ್ಮಾನ ಬಂತು. ದಂಡ 100 ಡಾಲರ್. 50 ಡಾಲರ್‌ಗಿಂತ ಜಾಸ್ತಿ ದಂಡವನ್ನು ಜ್ಯೂರಿ ಹಾಕಬೇಕಿತ್ತು, ಜಡ್ಜ್ ಹಾಕಿದ್ದು ತಪ್ಪು ಎಂದು 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಕಾನೂನು ಮಾತ್ರ 1967ರವರೆಗೂ ಹಾಗೇ ಇತ್ತು.

ಡಾರ್ವಿನ್ ಡೇಟನ್‌ನಲ್ಲಿ ಗೆದ್ದ ಎನ್ನುವವರೂ ತಪ್ಪು ಹೇಳುತ್ತಾರೆ. ಆ ಕೇಸಿನ ನಂತರ ಎಷ್ಟೋ ಪಠ್ಯಪುಸ್ತಕಗಳಲ್ಲಿ ವಿಕಾಸದ ಪಾಠ ತೆಳ್ಳಗಾಯಿತು. ಇನ್ನೊಂದು ವಿಷಯ. ಸ್ಕೋಪ್ಸ್ ಬಳಸಿದ ಪುಸ್ತಕದಲ್ಲಿ ಜನಾಂಗಗಳನ್ನು ಮೇಲು ಕೀಳು ಎಂದು ಸಾಲಾಗಿ ಜೋಡಿಸಿದ ಪುಟಗಳೂ ಇದ್ದವು. ಅದು ವಿಜ್ಞಾನವಲ್ಲ. ಸ್ಕೋಪ್ಸ್ ಪರ ಇರುವವರು ಇದನ್ನು ಮುಚ್ಚಿಡಬಾರದು.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ‘ವಿಕಾಸ ಅನ್ನುವುದು ಒಂದು ಥಿಯರಿ ಅಷ್ಟೇ, ಬೇರೆ ವಿವರಣೆಗಳೂ ಇವೆ, ನೀವೇ ತೀರ್ಮಾನಿಸಿ’ ಎಂದು ಅವಳ ಟೀಚರ್ ಹೇಳಿದರಂತೆ. ನಮ್ಮ ಮನೆಯವರು ‘ಎರಡೂ ಹೇಳಿಕೊಡಲಿ ಬಿಡು, ನ್ಯಾಯವೇ ಅಲ್ವಾ?’ ಅನ್ನುತ್ತಾರೆ. ಹಾಗಿದ್ದರೆ ಕೋರ್ಟುಗಳು ಇದನ್ನು ಯಾಕೆ ತಡೆದವು?

ತಾಯೀ, ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಕೇಳಲು ಬಹಳ ಸಭ್ಯವಾಗಿದೆ. ‘ಎರಡೂ ಕಡೆ ಕೇಳಬೇಕು’ ಅಂದರೆ ಯಾರಿಗೆ ಬೇಡ ಅನ್ನಿಸುತ್ತದೆ? ಆದರೆ ಆ ಮಾತು ಎಲ್ಲಿಂದ ಬಂತು ಎಂದು ನೋಡಿ.

ಮೊದಲು ಪಾಠವನ್ನೇ ನಿಷೇಧಿಸಿ ನೋಡಿದರು. ಆರ್ಕನ್ಸಾ ರಾಜ್ಯದಲ್ಲೂ 1928ರಿಂದ ಅಂಥ ಕಾನೂನಿತ್ತು. ಲಿಟಲ್ ರಾಕ್‌ನ ಜೀವಶಾಸ್ತ್ರ ಶಿಕ್ಷಕಿ ಸೂಸನ್ ಎಪರ್ಸನ್ ಅದರ ವಿರುದ್ಧ ಕೋರ್ಟಿಗೆ ಹೋದರು. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಹೊಡೆದು ಹಾಕಿತು. ಸರ್ಕಾರ ಯಾವ ಮತದ ಪರವೂ ನಿಲ್ಲಬಾರದು ಎಂಬುದು ಅಲ್ಲಿನ ಸಂವಿಧಾನದ ನಿಯಮ, ಹಾಗಾಗಿ ಒಂದು ಮತದ ನಂಬಿಕೆಗೆ ಒಗ್ಗುವುದಿಲ್ಲ ಎಂಬ ಕಾರಣಕ್ಕೆ ಸರ್ಕಾರ ಪಾಠವನ್ನು ತಡೆಯುವಂತಿಲ್ಲ ಎಂದಿತು. ನಿಷೇಧದ ದಾರಿ ಅಲ್ಲಿಗೆ ಮುಚ್ಚಿತು.

‘ಎರಡೂ ಹೇಳಿಕೊಡಿ’ ಎಂಬ ಮಾತು ಬಂದದ್ದು ಆಮೇಲೆ. ವಿಕಾಸ ಹೇಳಿಕೊಟ್ಟರೆ ‘ಸೃಷ್ಟಿ ವಿಜ್ಞಾನ’ವನ್ನೂ (ದೇವರ ಸೃಷ್ಟಿಯ ನಂಬಿಕೆಯನ್ನೇ ವಿಜ್ಞಾನ ಎಂದು ಹೇಳುವ ವಾದ) ಸಮನಾಗಿ ಹೇಳಿಕೊಡಬೇಕು ಎಂದು ಆರ್ಕನ್ಸಾದಲ್ಲಿ 1981ರಲ್ಲಿ ಕಾನೂನು ಮಾಡಿದರು. ಅದರ ವಿರುದ್ಧ ದಾವೆ ಹೂಡಿದ್ದು ಯಾರು ಗೊತ್ತೇ? ಪಾದ್ರಿಗಳು, ಬಿಷಪ್‌ಗಳು. ಕೇಸಿನ ಹೆಸರೇ ಮೆಥಡಿಸ್ಟ್ ಪಾದ್ರಿ ವಿಲಿಯಂ ಮೆಕ್‌ಲೀನ್ ಅವರದು. ಇದು ನಾಸ್ತಿಕರಿಗೂ ಆಸ್ತಿಕರಿಗೂ ನಡೆದ ಜಗಳ ಎಂದು ಬರೆಯುವವರು ಈ ಹೆಸರನ್ನು ನೆನಪಿಡಲಿ. ಆ ಕಾನೂನು 1982ರಲ್ಲಿ ಬಿತ್ತು. ಲೂಸಿಯಾನಾ ರಾಜ್ಯದ ಅಂಥದ್ದೇ ಕಾನೂನು 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 7-2ರಿಂದ ಬಿತ್ತು. 72 ಮಂದಿ ನೊಬೆಲ್ ವಿಜ್ಞಾನಿಗಳು ಆ ಕಾನೂನಿನ ವಿರುದ್ಧ ಕೋರ್ಟಿಗೆ ಒಟ್ಟಾಗಿ ಮನವಿ ಕೊಟ್ಟಿದ್ದರು.

ಈಗ ಡೋವರ್ ಕೇಸು. ನಿಮ್ಮ ಮಗಳ ಟೀಚರ್ ಆಡಿದ ಮಾತಿಗೆ ತೀರಾ ಹತ್ತಿರವಾದದ್ದು ಇದು.

ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಸ್ಕೂಲ್ ಬೋರ್ಡ್ (ಊರಿನ ಜನ ಓಟು ಹಾಕಿ ಆರಿಸುವ ಶಾಲಾ ಮಂಡಳಿ) 2004ರಲ್ಲಿ ಒಂದು ನಿರ್ಣಯ ಮಾಡಿತು. ಒಂಬತ್ತನೇ ಕ್ಲಾಸಿನ ಬಯಾಲಜಿ ಮಕ್ಕಳಿಗೆ ಒಂದು ಸಣ್ಣ ಹೇಳಿಕೆ ಓದಬೇಕು. ಡಾರ್ವಿನ್ ಸಿದ್ಧಾಂತ ನಿಜಾಂಶವಲ್ಲ, ಅದರಲ್ಲಿ ತೂತುಗಳಿವೆ, ‘ಇಂಟೆಲಿಜೆಂಟ್ ಡಿಸೈನ್’ (ಜೀವಿಗಳ ಹಿಂದೆ ಬುದ್ಧಿವಂತ ವಿನ್ಯಾಸಕಾರನೊಬ್ಬ ಇದ್ದಾನೆ ಎನ್ನುವ ವಾದ) ಎಂಬ ಬೇರೆ ವಿವರಣೆ ಇದೆ, ಬೇಕಾದವರು ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಪುಸ್ತಕ ನೋಡಬಹುದು. ಇಷ್ಟೇ. ಓದಲು ಒಂದು ನಿಮಿಷ. ವಿಜ್ಞಾನದ ಶಿಕ್ಷಕರು ‘ನಾವು ಓದುವುದಿಲ್ಲ’ ಎಂದರು. ಆ ಶಿಕ್ಷಕರ ಬಗ್ಗೆ ನನಗೆ ದೊಡ್ಡ ಗೌರವ. ಕೆಲಸಕ್ಕೇ ಕುತ್ತು ಬರಬಹುದಾಗಿದ್ದ ಹೊತ್ತಿನಲ್ಲಿ ಹೇಳಿದ ಮಾತು ಅದು. ಕೊನೆಗೆ ಆಡಳಿತದವರೇ ತರಗತಿಗೆ ಬಂದು ಓದಿದರು. 11 ಮಂದಿ ಪೋಷಕರು ಕೋರ್ಟಿಗೆ ಹೋದರು.

2005ರ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ವಿಚಾರಣೆ ನಡೆಯಿತು. ಜ್ಯೂರಿ ಇರಲಿಲ್ಲ. ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದ್ದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. ‘ಎರಡೂ ಕಡೆ ಕೇಳಲಿ’ ಅನ್ನುತ್ತೀರಲ್ಲ, ಆ ಕೋರ್ಟಿನಲ್ಲಿ ಎರಡೂ ಕಡೆಯವರಿಗೆ ವಾರಗಟ್ಟಲೆ ಮಾತಾಡಲು ಬಿಟ್ಟಿದ್ದರು. ಏನಾಯಿತು ಎಂದು ನೋಡಿ.

ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಸಾಕ್ಷಿ ಹೇಳಿದರು. ಅವರು ಕ್ಯಾಥೊಲಿಕ್, ದೇವರನ್ನು ನಂಬುವವರು. ಅವರು ಕೊಟ್ಟ ಒಂದು ಉದಾಹರಣೆಯನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಚಿಂಪಾಂಜಿ, ಗೊರಿಲ್ಲಾಗಳಿಗೆ 48 ಕ್ರೋಮೋಸೋಮ್ (ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಎಳೆಗಳು). ನಮಗೆ 46. ನಮ್ಮ ಮೂಲ ಒಂದೇ ಆಗಿದ್ದರೆ ಆ ಒಂದು ಜೊತೆ ಸುಮ್ನೆ ಮಾಯವಾಗುವಂತಿಲ್ಲ. ಎಲ್ಲೋ ಎರಡು ಕ್ರೋಮೋಸೋಮ್ ಬೆಸೆದು ಒಂದಾಗಿರಬೇಕು. ಬೆಸೆದಿದ್ದರೆ ಗುರುತು ಇರಬೇಕು. ಹುಡುಕಿದರೆ ನಮ್ಮ ಎರಡನೇ ಕ್ರೋಮೋಸೋಮಿನಲ್ಲಿ ಆ ಗುರುತು ಇದೆ. ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಸಾಲು ನಡುವೆ ಕೂತಿದೆ. ಕೆಲಸ ನಿಲ್ಲಿಸಿದ ಎರಡನೇ ಸೆಂಟ್ರೋಮಿಯರ್‌ನ (ಒಂದು ಕ್ರೋಮೋಸೋಮಿಗೆ ಒಂದೇ ಇರಬೇಕಾದ ಗಂಟು) ಉಳಿಕೆಯೂ ಇದೆ. ಒಂದು ಸಿದ್ಧಾಂತ ಹೀಗೆ ಸಿಕ್ಕಿಬೀಳಲು ಸಿದ್ಧವಾಗಿ ನಿಲ್ಲಬೇಕು. ಆ ಗುರುತು ಸಿಗದೇ ಹೋಗಿದ್ದರೆ ವಿಕಾಸವಾದಕ್ಕೆ ದೊಡ್ಡ ಪೆಟ್ಟು ಬೀಳುತ್ತಿತ್ತು.

ಆಚೆ ಕಡೆಯ ಮುಖ್ಯ ಸಾಕ್ಷಿ ಮೈಕಲ್ ಬೀಹಿ, ಜೀವರಸಾಯನ ವಿಜ್ಞಾನಿ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ವಿಕಾಸದಿಂದ ಹೇಗೆ ಬಂತು ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ ಎಂದು ಅವರು ಬರೆದಿದ್ದರು. ಪಾಟಿ ಸವಾಲಿನಲ್ಲಿ ಅದೇ ವಿಷಯದ 58 ಸಂಶೋಧನಾ ಲೇಖನಗಳು ಮತ್ತು ಒಂಬತ್ತು ಪುಸ್ತಕಗಳನ್ನು ಅವರ ಮುಂದೆ ಇಟ್ಟರು. ಇವು ಸಾಲವು ಎಂದರು ಅವರು. ಹಾಗಾದರೆ ವಿಜ್ಞಾನದ ಸಿದ್ಧಾಂತ ಎಂದರೆ ಏನು ಎಂದು ಕೇಳಿದಾಗ ತಮ್ಮದೇ ವ್ಯಾಖ್ಯೆ ಕೊಟ್ಟರು. ಆ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ಸಿದ್ಧಾಂತವಾಗುತ್ತದೆ ಎಂದು ಅಲ್ಲೇ ಒಪ್ಪಿಕೊಂಡರು.

ಇನ್ನು ಆ ಪುಸ್ತಕ. ಅದರ ಹಳೆಯ ಕರಡುಗಳನ್ನು ಕೋರ್ಟಿಗೆ ತರಿಸಿದರು. ಕರಡುಗಳಲ್ಲಿ ‘ಸೃಷ್ಟಿ’ ಎಂದಿದ್ದ ಪದಗಳನ್ನು ಸುಮಾರು 150 ಕಡೆ ಬದಲಿಸಿ ‘ಡಿಸೈನ್’ ಎಂದು ಹಾಕಿದ್ದರು. ಬದಲಿಸಿದ್ದು ಯಾವಾಗ? 1987ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ. ಕರಡಿನ ಒಂದು ಕಡೆ ಅವಸರದಲ್ಲಿ ತಪ್ಪೂ ಆಗಿದೆ. ಹಳೆಯ ಪದ ‘ಕ್ರಿಯೇಷನಿಸ್ಟ್ಸ್’, ಅಂದರೆ ಸೃಷ್ಟಿವಾದಿಗಳು. ಅದರ ತಲೆ ಮತ್ತು ಬಾಲ ಹಾಗೇ ಉಳಿದು, ಹೊಸ ಪದ ನಡುವೆ ಸಿಕ್ಕಿಕೊಂಡಿದೆ. ಹಳೆಯ ಸರಕಿಗೆ ಹೊಸ ಚೀಟಿ ಅಂಟಿಸಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಅದು ಸೃಷ್ಟಿವಾದದ ಇನ್ನೊಂದು ರೂಪ, ಸರ್ಕಾರಿ ಶಾಲೆಯಲ್ಲಿ ಅದನ್ನು ಹೇಳಿಸುವುದು ಸಂವಿಧಾನಕ್ಕೆ ವಿರುದ್ಧ. ತೀರ್ಪಿಗೆ ಮೊದಲೇ, ನವೆಂಬರ್ ಚುನಾವಣೆಯಲ್ಲಿ, ಡೋವರ್ ಜನ ಆ ಬೋರ್ಡಿನವರನ್ನು ಸೋಲಿಸಿಬಿಟ್ಟಿದ್ದರು. ಹೊಸ ಬೋರ್ಡ್ ಮೇಲ್ಮನವಿ ಹಾಕಲಿಲ್ಲ. ಆದರೆ ಪೋಷಕರ ಪರ ವಕೀಲರ ಖರ್ಚಿಗೆ ಆ ಸ್ಕೂಲ್ ಡಿಸ್ಟ್ರಿಕ್ಟ್ ಹತ್ತು ಲಕ್ಷ ಡಾಲರ್ ಕೊಡಬೇಕಾಯಿತು. ಮಕ್ಕಳ ಓದಿಗೆ ಹೋಗಬೇಕಿದ್ದ ದುಡ್ಡು ಅದು. ನ್ಯಾಯಾಧೀಶರಿಗೆ ಕೊಲೆ ಬೆದರಿಕೆ ಬಂದು ಪೊಲೀಸ್ ಕಾವಲು ಹಾಕಬೇಕಾಯಿತು.

ಈಗ ನಿಮ್ಮ ಮನೆಯವರ ಮಾತಿಗೆ ಬರೋಣ. ವಿಜ್ಞಾನದ ಕ್ಲಾಸಿಗೆ ಒಂದು ವಿಚಾರ ಬರಬೇಕಾದರೆ ಮೊದಲು ವಿಜ್ಞಾನಿಗಳ ನಡುವೆ ನಿಂತು ಗೆಲ್ಲಬೇಕು. ಅಲ್ಲಿ ಗೆಲ್ಲದೆ ಬೋರ್ಡಿನ ಓಟಿನಿಂದ ನೇರವಾಗಿ ಹದಿನಾಲ್ಕು ವರ್ಷದ ಮಗುವಿನ ಬೆಂಚಿಗೆ ಬಂದರೆ ಅದು ನ್ಯಾಯವಲ್ಲ. ‘ನೀವೇ ತೀರ್ಮಾನಿಸಿ’ ಎಂದು ಮಗುವಿಗೆ ಹೇಳುವುದು ಸ್ವಾತಂತ್ರ್ಯದಂತೆ ಕಾಣುತ್ತದೆ. ನಿಜವಾಗಿ ಅದು ದೊಡ್ಡವರು ಮಾಡಬೇಕಾದ ಕೆಲಸವನ್ನು ಮಗುವಿನ ತಲೆಗೆ ಕಟ್ಟುವುದು.

‘ಥಿಯರಿ ಅಷ್ಟೇ’ ಅನ್ನುವುದಂತೂ ನನಗೆ ತಡೆಯಲಾಗದ ಮಾತು. ಕನ್ನಡದಲ್ಲಿ ನಮಗೆ ‘ಊಹೆ’ ಬೇರೆ, ‘ಸಿದ್ಧಾಂತ’ ಬೇರೆ. ಸಿದ್ಧಾಂತ ಅಂದರೆ ಪರೀಕ್ಷೆಯಲ್ಲಿ ನಿಂತು ಸಿದ್ಧವಾದದ್ದು. ಇಂಗ್ಲಿಷಿನಲ್ಲಿ ಥಿಯರಿ ಎಂಬ ಒಂದೇ ಪದಕ್ಕೆ ಎರಡೂ ಅರ್ಥ ಇದೆ, ಗೊಂದಲ ಅವರಿಗೆ ಸಹಜ. ಎರಡು ಪದ ಇರುವ ನಾವು ಆ ಗೊಂದಲವನ್ನು ಯಾಕೆ ತಂದುಕೊಳ್ಳಬೇಕು?

ಹಾಗೆಂದು ನಾಳೆಯೇ ವಕೀಲರ ಹತ್ತಿರ ಓಡಬೇಡಿ. ನಾನು ಈ ವಿಷಯದಲ್ಲಿ ತುಂಬಾ ಹುಷಾರಿನವನು. ಮಕ್ಕಳು ಕ್ಲಾಸಿನ ಮಾತನ್ನು ಮನೆಗೆ ತರುವಾಗ ಅರ್ಧ ಬಿಟ್ಟು ಬರುತ್ತಾರೆ. ಟೀಚರ್ ಏನು ಹೇಳಿದರು ಎಂದು ಮಗಳ ಕೈಲಿ ಅವಳ ಮಾತಿನಲ್ಲೇ ಬರೆಸಿ, ತಾರೀಖು ಹಾಕಿಸಿ. ಆಮೇಲೆ ಟೀಚರ್‌ಗೆ ಸೌಮ್ಯವಾಗಿ ಒಂದು ಮೇಲ್ ಕಳಿಸಿ ಕೇಳಿ: ಆ ‘ಬೇರೆ ವಿವರಣೆಗಳು’ ಯಾವುವು, ಪಠ್ಯಕ್ರಮದಲ್ಲಿ ಎಲ್ಲಿವೆ? ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಪ್ರಿನ್ಸಿಪಾಲ್, ಆಮೇಲೆ ಸ್ಕೂಲ್ ಬೋರ್ಡ್ ಸಭೆ. ಬೋರ್ಡ್ ಸಭೆಗೆ ಹೋಗಿ ಕೂರಿ. ಡೋವರ್‌ನಲ್ಲಿ ಎಲ್ಲ ಶುರುವಾಗಿದ್ದು ಅಂಥ ಸಭೆಗಳಲ್ಲೇ. ಎಲ್ಲವೂ ಬರಹದಲ್ಲಿರಲಿ.

ಕಾನೂನಿನ ಎರಡು ಎಚ್ಚರಿಕೆ. ಡೋವರ್ ತೀರ್ಪು ಒಂದು ಜಿಲ್ಲಾ ಮಟ್ಟದ ಫೆಡರಲ್ ಕೋರ್ಟಿನದು. ಬೇರೆ ರಾಜ್ಯದ ಜಡ್ಜ್ ಅದನ್ನು ಓದಿ ಗೌರವಿಸಬಹುದು, ಪಾಲಿಸಲೇಬೇಕೆಂದಿಲ್ಲ. ಮತ್ತೆ, 1987ರ ತೀರ್ಪು ಮತ್ತು ಡೋವರ್ ತೀರ್ಪು ಬಳಸಿದ, ಸರ್ಕಾರ ಮತದ ಪರ ನಿಂತಿದೆಯೇ ಎಂದು ನೋಡುವ ‘ಲೆಮನ್’ ಪರೀಕ್ಷೆ ಎಂಬ ಅಳತೆಗೋಲನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕೈಬಿಟ್ಟಿದೆ. ಹಾಗೆ ಕೈಬಿಟ್ಟದ್ದು ಫುಟ್‌ಬಾಲ್ ಕೋಚ್ ಒಬ್ಬರ ಪ್ರಾರ್ಥನೆಯ ಕೇಸಿನಲ್ಲಿ. 1987ರ ತೀರ್ಪನ್ನು ಮಾತ್ರ ರದ್ದು ಮಾಡಿಲ್ಲ. ಆದರೂ ‘ಕೋರ್ಟಿಗೆ ಹೋದರೆ ಗೆಲುವು ಖಂಡಿತ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖಾಸಗಿ ಶಾಲೆಯಾದರೆ ಈ ಕೇಸುಗಳು ಯಾವುವೂ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಮನುಷ್ಯ ಕೋತಿಯಿಂದ ಬಂದಿದ್ದರೆ ಕೋತಿಗಳು ಇನ್ನೂ ಯಾಕಿವೆ?

ನಾವೂ ಅವೂ ದಾಯಾದಿಗಳು. ದಾಯಾದಿ ಬದುಕಿದ್ದಾನೆ ಅಂದರೆ ನೀವು ಹುಟ್ಟಿಲ್ಲ ಎಂದಾಗುತ್ತದೆಯೇ?

ಪ್ರಶ್ನೆ: ದಶಾವತಾರದಲ್ಲೇ ವಿಕಾಸವಾದ ಇದೆಯಲ್ಲ, ಅದನ್ನೇ ಪಾಠ ಮಾಡಬಹುದಲ್ಲ?

ದಶಾವತಾರ ಕೇಳಿ ಬೆಳೆದವನು ನಾನು, ಈಗಲೂ ಕೈ ಮುಗಿಯುತ್ತೇನೆ. ಅದನ್ನು ಬಯಾಲಜಿ ಕ್ಲಾಸಿಗೆ ತರಬೇಡಿ.

ಪ್ರಶ್ನೆ: ಡಾರ್ವಿನ್ ಸಾಯುವಾಗ ತನ್ನ ವಾದ ತಪ್ಪು ಎಂದನಂತೆ?

ಕಟ್ಟುಕತೆ. ಅವರ ಮಗಳೇ ಅದನ್ನು ಅಲ್ಲಗಳೆದಿದ್ದಾರೆ.

ಪ್ರಶ್ನೆ: ನಮ್ಮ ದೇಶದಲ್ಲಿ 10ನೇ ತರಗತಿಯಿಂದ ವಿಕಾಸದ ಪಾಠ ತೆಗೆದರಲ್ಲ. ಅಮೆರಿಕದವರಂತೆ ನಾವೂ ಕೋರ್ಟಿಗೆ ಹೋಗಬಾರದೇ?

ನಿಮ್ಮ ಸಿಟ್ಟು ನನಗೂ ಇದೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. ಮಕ್ಕಳ ಹೊರೆ ಇಳಿಸಲು ಎಂದರು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಿರೋಧಿಸಿ ಪತ್ರಕ್ಕೆ ಸಹಿ ಹಾಕಿದರು. 12ನೇ ತರಗತಿಯಲ್ಲಿ ಇದೆಯಲ್ಲ ಎನ್ನುತ್ತಾರೆ. ಅದನ್ನು ಓದುವುದು ಬಯಾಲಜಿ ತೆಗೆದುಕೊಂಡವರು ಮಾತ್ರ. ಕಾಮರ್ಸ್‌ಗೆ, ಆರ್ಟ್ಸ್‌ಗೆ ಹೋಗುವ ಮಗುವಿಗೆ 10ನೇ ತರಗತಿಯೇ ಕೊನೆಯ ಅವಕಾಶವಾಗಿತ್ತು.

ಆದರೆ ಕೋರ್ಟು ಬೇಡ ಎಂದೇ ನನ್ನ ಸಲಹೆ. ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯದ ಕೋರ್ಸ್ ತರಲು ಯುಜಿಸಿ ಹೊರಟಾಗ ಹೆಸರಾಂತ ವಿಜ್ಞಾನಿ ಪಿ.ಎಂ. ಭಾರ್ಗವ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2004ರಲ್ಲಿ ಅರ್ಜಿ ವಜಾ ಆಯಿತು. ಏನು ಓದಿಸಬೇಕು ಎಂಬುದು ತಜ್ಞ ಸಂಸ್ಥೆಗೆ ಬಿಟ್ಟದ್ದು ಎಂಬುದೇ ಅಲ್ಲಿನ ಧೋರಣೆ. 2023ರಲ್ಲಿ ಒಬ್ಬರು ಡಾರ್ವಿನ್, ಐನ್‌ಸ್ಟೈನ್ ಇಬ್ಬರೂ ತಪ್ಪು ಎಂದು ಸಾರಲು ಅದೇ ಕೋರ್ಟಿಗೆ ಹೋದರು. ಅದನ್ನೂ ಕೇಳಲಿಲ್ಲ, ಅದು ಒಳ್ಳೆಯದೇ ಆಯಿತು. ಡೋವರ್‌ನಲ್ಲಿ ಕೇಸು ನಿಂತದ್ದು ಶಾಲೆಯೊಳಗೆ ಮತದ ಪಾಠ ತಂದರು ಎಂಬ ಕಾರಣಕ್ಕೆ. ಇಲ್ಲಿ ತಂದಿಲ್ಲ, ಪಾಠವನ್ನು ಕಿತ್ತಿದ್ದಾರೆ. ಎರಡೂ ಒಂದೇ ಥರದ ಕೇಸಲ್ಲ.

ನೀವು ಶಿಕ್ಷಕರಾಗಿದ್ದರೆ ಒಂದು ಕೆಲಸ ಮಾಡಬಹುದು. ಅನುವಂಶೀಯತೆಯ ಪಾಠ ಮುಗಿದ ದಿನ ಇನ್ನೊಂದು ಪಿರಿಯಡ್ ತೆಗೆದುಕೊಳ್ಳಿ. ಬೋರ್ಡಿನ ಮೇಲೆ 48, 46 ಎಂದು ಬರೆಯಿರಿ. ಉಳಿದ ಆ ಎರಡು ಎಲ್ಲಿ ಹೋದವು ಎಂದು ಮಕ್ಕಳನ್ನೇ ಕೇಳಿ.