ಸಂಪಾದಕರ ಉತ್ತರ: ಬಾಯಿಗೆ ಬಂದ ಉತ್ತರ ಹಾಳೆಗೆ ಇಳಿಯದಿದ್ದರೆ

ಬಿಲ್ಡಿಂಗ್ ಬ್ಲಾಕ್ ಕೊಟ್ಟರೆ ಮಗ ಎರಡು ಗಂಟೆ ಅಲ್ಲಾಡದೆ ಕೂರುತ್ತಾನೆ, ಪುಸ್ತಕ ತೆರೆದರೆ ಹತ್ತೇ ನಿಮಿಷಕ್ಕೆ ಏಳುತ್ತಾನೆ ಎಂದು ಬರೆದಿದ್ದೀರಿ. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಹೇಳುವವನು ಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಡುತ್ತಾನಂತೆ. “ಒಂಬತ್ತು ವರ್ಷಕ್ಕೇ ಇಷ್ಟು ಸೋಮಾರಿತನವೇ?” ಎಂದು ಕೇಳಿದ್ದೀರಿ.

ಸೋಮಾರಿತನ ಅಂತ ನನಗೆ ಅನಿಸುತ್ತಿಲ್ಲ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಇರಬಹುದು. ಅದು ಇರುವ ಮಕ್ಕಳಿಗೆ ಗಮನವೇ ಇಲ್ಲ ಎಂದಲ್ಲ. ಅದನ್ನು ಬೇಕಾದ ಕಡೆ ತಿರುಗಿಸಿ ಹಿಡಿದಿಡುವುದು ಕಷ್ಟ. ಆಟದಲ್ಲಿ ಮಾಡಿದ್ದರ ಫಲ ಕೂಡಲೇ ಕಣ್ಣಿಗೆ ಕಾಣುತ್ತದೆ, ಹೋಂವರ್ಕ್‌ನಲ್ಲಿ ಕಾಣುವುದಿಲ್ಲ. ಕೂಡುವ ಲೆಕ್ಕದ ನಡುವೆ ದಶಕ ಮರೆತುಹೋಗುತ್ತದೆ. ಲೆಕ್ಕ ಗೊತ್ತು, ದಶಕ ಜಾರಿತು ಅಷ್ಟೇ.

ಆದರೆ ನನ್ನ ಕಣ್ಣು ನಿಂತಿದ್ದು ಆ ಖಾಲಿ ಹಾಳೆಯ ಮೇಲೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಚುರುಕು ಹುಡುಗ, ಓದಲು ಮಾತ್ರ ಆಗದು. ಪಾಠವೆಲ್ಲ ಬಾಯಲ್ಲೇ ನಡೆದಿದ್ದರೆ ಶಾಲೆಗೇ ಇವನು ಮೊದಲಿಗ ಎಂದಿದ್ದರಂತೆ ಅವನ ಮೇಷ್ಟ್ರು. ನಿಮ್ಮ ಪತ್ರದಂತೆಯೇ ಇದೆ, ಅಲ್ವಾ?

ಇದನ್ನೇ ಈಗ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಅಕ್ಷರ ತಲೆಕೆಳಗಾಗಿ ಕಾಣುವ ಕಾಯಿಲೆ ಅಂತ ಸುಮ್ನೆ ಹಬ್ಬಿದೆ. ತೊಡಕು ಹೆಚ್ಚಾಗಿ ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಹಾಕುವುದರಲ್ಲಿ. ಒಂದೊಂದು ಒತ್ತಕ್ಷರಕ್ಕೂ ತಿಣುಕುವ ಮಗು ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಅದೂ ಹತ್ತು ನಿಮಿಷಕ್ಕೆ ಏಳುತ್ತದೆ! ಹೊರಗಿನಿಂದ ಎರಡೂ ಒಂದೇ ಥರ. ಎಷ್ಟೋ ಮಕ್ಕಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಎಡಿಎಚ್‌ಡಿ ಮಾತ್ರೆ ಕೂರಲು ನೆರವಾದೀತು, ಓದು ಕಲಿಸದು. ಅದಕ್ಕೆ ಸದ್ದು, ಅಕ್ಷರ ಜೋಡಿಸಿ ನಿಧಾನವಾಗಿ ಹೇಳಿಕೊಡುವವರು ಬೇಕು.

ಒಂದು ಸಂಜೆ ಪ್ರಶ್ನೆಗಳನ್ನು ನೀವೇ ಓದಿ, ಅವನು ಹೇಳಿದ ಉತ್ತರ ನೀವೇ ಬರೆದುಕೊಳ್ಳಿ. ಪೂರ್ತಿ ಹೇಳಿದರೆ ತೊಡಕು ಓದು ಬರಹದಲ್ಲಿರಬಹುದು. ಆಗಲೂ ಮನಸ್ಸು ಎಲ್ಲೋ ಹೋದರೆ ಗಮನದ್ದೂ ಇರಬಹುದು. ತೀರ್ಮಾನ ಮಾತ್ರ ತಜ್ಞರದು. ಮೊದಲು ಕಣ್ಣು, ಕಿವಿ ತೋರಿಸಿ. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು. ಒಂದೇ ಕಡೆ ಕಂಡರೆ ಸಾಲದು, ಹಾಗಾಗಿ ಟೀಚರ್ ಮಾತೂ ಬೇಕಾಗುತ್ತದೆ. ವರದಿ ಬರುವವರೆಗೆ ಕಾಯದೆ, ಬಾಯಲ್ಲಿ ಉತ್ತರ ಹೇಳಲು ಬಿಡಿ, ಸಮಯ ಜಾಸ್ತಿ ಕೊಡಿ ಎಂದು ಶಾಲೆಯಲ್ಲಿ ಈಗಲೇ ಕೇಳಿ.

“ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ” ಎಂದು ನಿಮ್ಮ ಯಜಮಾನರು ನಗುತ್ತಾರಂತೆ. ಎಡಿಎಚ್‌ಡಿಯೂ ಡಿಸ್ಲೆಕ್ಸಿಯಾವೂ ವಂಶದಲ್ಲಿ ಹರಿದುಬರುವಂಥವು. ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ, ಆ ಮಾತನ್ನು ಅಲ್ಲೂ ಹೇಳಲಿ.