ನಾಯಿಗೂ ಏಸಿ ಬೇಕಾ?

ಪ್ರಶ್ನೆ: ಅಕ್ಕಾ, ಬೆಂಗಳೂರಿನಲ್ಲಿರುವ ಮಗ ತನ್ನ ಹಸ್ಕಿ ನಾಯಿಯನ್ನು ನಮ್ಮ ಹತ್ತಿರ ಬಿಟ್ಟು ಹೋಗಿದ್ದಾನೆ. ಅದಕ್ಕೆ ಹಗಲೂ ರಾತ್ರಿ ಏಸಿ. ಹುಟ್ಟುಹಬ್ಬಕ್ಕೆ ಕೇಕ್ ಬೇರೆ ಕಳಿಸಿದ್ದ. ನನ್ನ ಹೆಂಡತಿ ಅದನ್ನು ‘ಮಗಾ’ ಅಂತಲೇ ಕರೆಯುತ್ತಾಳೆ. ನಮಗೆ ಇಷ್ಟು ವರ್ಷ ಫ್ಯಾನೇ ಸಾಕಾಗಿತ್ತು. ಜನರಿಗೆ ಇದೇನು ಹುಚ್ಚು?
– ನಿವೃತ್ತ ನೌಕರ, ಕೋಡಿಬಾಗ, ಕಾರವಾರ

ಉತ್ತರ: ಮೊದಲು ಏಸಿ ವಿಷಯ. ಆರಿಸಬೇಡಿ ಮಾರಾಯ್ರೇ. ಹಸ್ಕಿ ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ಜಾತಿ. ಮೈಮೇಲೆ ಎರಡು ಪದರ ಕೂದಲು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿಯೇ ತಣ್ಣಗಾಗಬೇಕು. ಬಟ್ಟೆಯೇ ಒಣಗದ ನಿಮ್ಮ ಕರಾವಳಿ ಗಾಳಿಯಲ್ಲಿ ತೇಕಿದರೂ ಸೆಕೆ ಇಳಿಯುವುದು ಕಷ್ಟ. ಸೆಕೆ ಅಂತ ಕೂದಲು ಬೋಳಿಸಲೂ ಹೋಗಬೇಡಿ. ಅದನ್ನು ಕಾರವಾರಕ್ಕೆ ತಂದದ್ದು ಮಗನ ತಪ್ಪು, ನಾಯಿಯದಲ್ಲ.

ಇನ್ನು ಹುಚ್ಚು. ನಾನು ಶಿರಸಿ ಕಡೆಯ ತೋಟದ ಮನೆಯವಳು. ದೀಪಾವಳಿಯ ಹಿಂದಿನ ರಾತ್ರಿ ನಮ್ಮತ್ತೆ ನಿದ್ದೆಗೆಟ್ಟು ಅಡಿಕೆ ಸರ ಪೋಣಿಸುತ್ತಿದ್ದರು. ನಮಗಲ್ಲ, ಕೊಟ್ಟಿಗೆಯ ದನ ಕೌಲಿಗೆ. ಗೋಪೂಜೆ ಮುಗಿಯುವ ತನಕ ನಮಗೆ ತಿಂಡಿಯೂ ಇಲ್ಲ. ಆ ಗಿಡ್ಡ ದನ ಸತ್ತ ದಿನ ಅತ್ತೆ ಊಟ ಮಾಡಲಿಲ್ಲ. ಯಾರೂ ಹುಚ್ಚು ಅನ್ನಲಿಲ್ಲ. ನಾಯಿಗೆ ಮಾತ್ರ ಆ ಭಾಗ್ಯ ಇರಲಿಲ್ಲ ಬಿಡಿ. ಜಗುಲಿ ಕೆಳಗೆ ಮಲಗುತ್ತಿತ್ತು. ರಾತ್ರಿ ಚಿರತೆ ಒಯ್ದರೆ ಇನ್ನೊಂದು ಮರಿ ಬರುತ್ತಿತ್ತು.

ಆಗ ಮನೆಯಲ್ಲಿ ಹದಿನಾಲ್ಕು ಜನ. ಈಗ ನಾವಿಬ್ಬರು, ಒಂದು ಗಂಡು ಬೆಕ್ಕು. ಹೋದ ಮಳೆಗಾಲ ಅದಕ್ಕೆ ಮೂತ್ರ ಕಟ್ಟಿತು. ಗಂಡು ಬೆಕ್ಕುಗಳಿಗೆ ಇದು ಆಗುವುದುಂಟು, ತಡ ಮಾಡಿದರೆ ಜೀವಕ್ಕೇ ಅಪಾಯ. ನಮ್ಮವರು ಕಾಫಿಪುಡಿ ರೇಟಿಗೂ ಗೊಣಗುವ ಮನುಷ್ಯ. ಅವತ್ತು ಬೆಕ್ಕನ್ನು ತಮ್ಮ ಟವೆಲಿನಲ್ಲಿ ಸುತ್ತಿ, ಸುರಿವ ಮಳೆಯಲ್ಲಿ ಬೈಕಿನಲ್ಲಿ ಶಿರಸಿಗೆ ಹೊರಟರು. ಹಿಂದೆ ಕೂತ ನನಗೆ ಕೊಡೆ ಹಿಡಿಯುವ ಕೆಲಸ, ಅದೂ ಬೆಕ್ಕಿಗೆ! ನಳಿಗೆ ಹಾಕಿಸಿ ಬರುವಾಗ ನಾಲ್ಕು ಸಾವಿರ ಖಾಲಿ. ದಾರಿಯುದ್ದಕ್ಕೂ ಮಾತಿಲ್ಲ. ಮನೆಗೆ ಬಂದು ಅದು ಎರಡು ಹನಿ ಉಚ್ಚೆ ಹೊಯ್ದಾಗ ‘ಆತು, ಆತು’ ಅಂತ ಮಗು ಹುಟ್ಟಿದಷ್ಟು ಸಂಭ್ರಮ.

2015ರಲ್ಲಿ ಜಪಾನಿನವರು ಒಂದು ಪ್ರಯೋಗ ಮಾಡಿದ್ದರು. ನಾಯಿಯೂ ಅದರ ಯಜಮಾನರೂ ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡುತ್ತಿದ್ದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದಂತೆ. ತಾಯಿ ಮಗುವಿನ ನಡುವೆ ಕೆಲಸ ಮಾಡುವುದೂ ಅದೇ ರಸ. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ನಿಮ್ಮ ಮನೆಯವರು ‘ಮಗಾ’ ಅನ್ನುವುದು ಸುಮ್ನೆ ಅಲ್ಲ. ನಿಜವಾದ ಮಗ ಹಬ್ಬಕ್ಕಷ್ಟೇ ಬರುವವನು ಅಲ್ವಾ?

ಖರ್ಚಿಗೆ ಮಾತ್ರ ಒಂದು ಲೆಕ್ಕ ಇರಲಿ. ರೇಬಿಸ್ ಇಂಜೆಕ್ಷನ್, ಹುಳದ ಔಷಧಿ, ಉಣ್ಣಿಗೆ ಮದ್ದು, ಇದೆಲ್ಲ ಆದ ಮೇಲೆ ಕೇಕ್. ಅದರಲ್ಲೂ ಚಾಕೊಲೇಟ್, ಒಣದ್ರಾಕ್ಷಿ ಇದ್ದರೆ ಕೊಡಲೇಬೇಡಿ, ನಾಯಿಗೆ ವಿಷ. ಕರೆಂಟ್ ಬಿಲ್ಲಿನ ಫೋಟೋ ತೆಗೆದು ಮಗನಿಗೆ ಕಳಿಸಿ. ಬಿಲ್ ಹೇಗೂ ಬರುತ್ತದೆ, ಇವತ್ತು ರಾತ್ರಿ ನೀವೂ ಅದೇ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳಿ.