ಬೇರೆ ಸಾಫ್ಟ್‌ವೇರ್ ಹಾಕದೆ, ವಿಂಡೋಸ್‌ನಲ್ಲೇ ಒಂದು ಇನ್‌ಸ್ಟಾಲರ್ ಫೈಲ್ ಮಾಡಬಹುದೇ?

ಮಾಡಬಹುದು. ಒಂದು ಸಣ್ಣ ಪ್ರೋಗ್ರಾಂ, ಅದರ ಜೊತೆಗಿನ ಫೈಲುಗಳು, ಎಲ್ಲವನ್ನೂ ಜಾಗಕ್ಕೆ ಕಾಪಿ ಮಾಡುವ ಬ್ಯಾಚ್ ಫೈಲ್ (ಸಾಲಾಗಿ ನಡೆಯುವ ಕಮಾಂಡುಗಳ ಪಟ್ಟಿ) ಇವೆ, ಆಫೀಸಿನ ಕಂಪ್ಯೂಟರಿಗೆ ಹೊರಗಿನದೇನೂ ಹಾಕುವಂತಿಲ್ಲ ಅಂದಿದ್ದೀರಿ. ಇಷ್ಟಕ್ಕೆ ಐಎಕ್ಸ್‌ಪ್ರೆಸ್ (iexpress) ಸಾಕು, ಫೈಲುಗಳನ್ನೆಲ್ಲ ಒಂದೇ ಇನ್‌ಸ್ಟಾಲರ್ ಆಗಿ ಕಟ್ಟಿಕೊಡುವ ವಿಂಡೋಸ್‌ನದೇ ಸಾಧನ ಅದು. ವಿಂಡೋಸ್ 2000ದ ಕಾಲದಿಂದಲೂ ಸಿಸ್ಟಮ್32 ಫೋಲ್ಡರಿನಲ್ಲಿ ಕೂತಿದೆ, ಸ್ಟಾರ್ಟ್ ಮೆನುವಿನಲ್ಲಿ ಮಾತ್ರ ಕಾಣಿಸಿಕೊಳ್ಳುವುದಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ ಹೆಸರು ಟೈಪ್ ಮಾಡಿದರೆ ವಿಝಾರ್ಡ್ ತೆರೆಯುತ್ತೆ.

ವಿಝಾರ್ಡ್ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ನಿಮಗೇ ಅರ್ಥವಾಗುತ್ತವೆ. ಫೈಲ್ ಬಿಚ್ಚಿದ ಮೇಲೆ ಇನ್‌ಸ್ಟಾಲ್ ಕಮಾಂಡ್ ನಡೆಸು ಅನ್ನುವ ಮೊದಲ ಆಯ್ಕೆಯನ್ನೇ ಇಟ್ಟುಕೊಳ್ಳಿ. ಜನ ಸಿಕ್ಕಿಬೀಳುವುದು ಆ ಕಮಾಂಡ್ ಬರೆಯುವ ಜಾಗದಲ್ಲಿ. ಬ್ಯಾಚ್ ಫೈಲಿನ ಹೆಸರನ್ನಷ್ಟೇ ಕೊಟ್ಟರೆ ಐಎಕ್ಸ್‌ಪ್ರೆಸ್ ಅದನ್ನು ಡಾಸ್ ಕಾಲದ ಹಳೇ ಕಮಾಂಡ್.ಕಾಮ್ ಪ್ರೋಗ್ರಾಂ ಮೂಲಕ ನಡೆಸಲು ಹೋಗುತ್ತೆ, 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ 'ಸಿಎಂಡಿ /ಸಿ ಇನ್‌ಸ್ಟಾಲ್.ಬ್ಯಾಟ್' ಅಂತ ಪೂರ್ತಿ ಬರೆಯಿರಿ (ಇಂಗ್ಲಿಷ್ ಅಕ್ಷರಗಳಲ್ಲೇ, ಇನ್ನೇನು). ಮುಂದೆ ಬರುವ ಉದ್ದ ಹೆಸರಿನ ಆಯ್ಕೆಗೂ ಟಿಕ್ ಹಾಕಿ, ಇಲ್ಲದಿದ್ದರೆ ಫೈಲ್ ಹೆಸರುಗಳು ಡಾಸ್ ಕಾಲದ ಎಂಟಕ್ಷರಕ್ಕೆ ಮೊಟಕಾಗುವ ಸಾಧ್ಯತೆ ಇದೆ.

ಐಎಕ್ಸ್‌ಪ್ರೆಸ್ ಫೋಲ್ಡರ್ ಒಳಗಿನ ಫೋಲ್ಡರ್ ಉಳಿಸಿಕೊಳ್ಳುವುದಿಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದ ಹಾಗೆ. ದಾರಿ ಇದೆ: ಫೋಲ್ಡರುಗಳನ್ನು ಮೊದಲೇ ಒಂದು ಝಿಪ್ ಮಾಡಿ, ಆ ಝಿಪ್ಪನ್ನೂ ಬ್ಯಾಚ್ ಫೈಲನ್ನೂ ಮಾತ್ರ ಒಳಗಿಡಿ. ವಿಂಡೋಸ್ 10ರ 1803 ಆವೃತ್ತಿಯಿಂದ ಟಾರ್ ಕಮಾಂಡ್ ಜೊತೆಗೇ ಬರುತ್ತೆ, ಅದು ಝಿಪ್ ಬಿಚ್ಚುತ್ತೆ. ಬ್ಯಾಚ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.

ಇನ್ನೊಂದು. ಫೈಲುಗಳು ಬಿಚ್ಚಿಕೊಳ್ಳುವುದು ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರ್ ಒಳಗಿನ ಐಎಕ್ಸ್‌ಪಿ000.ಟಿಎಂಪಿ ಎಂಬಂಥ ಫೋಲ್ಡರಿಗೆ. ಬ್ಯಾಚ್ ಮುಗಿದ ತಕ್ಷಣ ಅದು ಅಳಿಸಿಹೋಗುತ್ತೆ. ಬ್ಯಾಚ್ ಒಳಗೆ ಸ್ಟಾರ್ಟ್ ಅಂತ ಇನ್ನೊಂದು ಪ್ರೋಗ್ರಾಂ ಎಬ್ಬಿಸಿ ತಾನು ಮುಗಿದುಬಿಟ್ಟರೆ, ಆ ಪ್ರೋಗ್ರಾಮಿನ ಕಾಲಡಿಯ ನೆಲವೇ ಮಾಯ. ಸ್ಟಾರ್ಟ್ ಜೊತೆ /ವೇಟ್ ಹಾಕಿ. ಪ್ರೋಗ್ರಾಂ ಫೈಲ್ಸ್‌ಗೆ ಬರೆಯುವುದಿದ್ದರೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸಲು ಜನರಿಗೆ ಹೇಳಬೇಕಾಗುತ್ತೆ.

ಕೊನೆಯಲ್ಲಿ ಎಸ್‌ಇಡಿ ಫೈಲ್ (ನಿಮ್ಮ ಆಯ್ಕೆಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಫೈಲ್) ಉಳಿಸಲೇ ಅಂತ ಕೇಳಿದಾಗ ಹೂಂ ಅನ್ನಿ. ಮುಂದಿನ ಸಲ ವಿಝಾರ್ಡ್ ಬೇಡ, ಐಎಕ್ಸ್‌ಪ್ರೆಸ್‌ಗೆ /ಎನ್ ಸೇರಿಸಿ ಆ ಫೈಲ್ ಕೊಟ್ಟರೆ ಹೊಸ ಪ್ಯಾಕೇಜ್ ತಯಾರು. ಒಳಗೇನಿದೆ ನೋಡಬೇಕೆಂದರೆ ಪ್ಯಾಕೇಜಿಗೇ /ಟಿ: ಜೊತೆ ಫೋಲ್ಡರಿನ ಹಾದಿ, ಆಮೇಲೆ /ಸಿ ಕೊಡಿ, ಬಿಚ್ಚುತ್ತೆ ಅಷ್ಟೇ, ಇನ್‌ಸ್ಟಾಲ್ ಮಾಡುವುದಿಲ್ಲ.

ಡಿಜಿಟಲ್ ಸಹಿ ಇಲ್ಲದ ಫೈಲಾದ್ದರಿಂದ ಇಂಟರ್ನೆಟ್ಟಿನಿಂದ ಇಳಿಸಿಕೊಂಡವರಿಗೆ ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್‌ನ ಎಚ್ಚರಿಕೆ ಬರಬಹುದು, ಕೆಲವು ಆಂಟಿವೈರಸ್‌ಗಳೂ ಮೂಗು ಮುರಿಯುತ್ತವೆ, ಯಾಕೆಂದರೆ ಮಾಲ್‌ವೇರ್ ಬರೆಯುವವರಿಗೂ ಈ ಸಾಧನ ಪುಕ್ಕಟೆಯೇ. ನಿಮ್ಮದು ಆಫೀಸಿನ ಒಳಗಿನ ಕೆಲಸ, ಶೇರ್ ಫೋಲ್ಡರಿನಲ್ಲಿಟ್ಟು ಐಟಿಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಅನ್‌ಇನ್‌ಸ್ಟಾಲ್ ಸೌಲಭ್ಯವೂ ಬೇಕು ಅಂತಾದರೆ ಇದರ ಜೊತೆ ಗುದ್ದಾಡಬೇಡಿ, ಇನ್ನೋ ಸೆಟಪ್ ಎಂಬ ಇನ್‌ಸ್ಟಾಲರ್ ತಯಾರಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಲು ಅನುಮತಿ ಕೇಳಿ.